ಕಾಂಪೌಂಡಿಗೆ ಖಾತೆ ಇದೆ, ಕಂಡಕ್ಟರಿಗೆ ಕಕ್ಕಸಿಲ್ಲ

ಬರಹ ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ.

ಪ್ರಶ್ನೆ ಚಿಕ್ಕದು. ಬಡಾವಣೆಯ ಕೊನೇ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದ ಡ್ರೈವರ್ರು, ಕಂಡಕ್ಟ್ರು ಉಚ್ಚೆಗೆ ಎಲ್ಲಿಗೆ ಹೋಗಬೇಕು? ಗಂಡಸಾದ್ರೆ ಯಾವುದೋ ಕಾಂಪೌಂಡ್ ಗೋಡೆ, ಖಾಲಿ ಸೈಟು. ಹೆಂಗಸಾದ್ರೆ ಅದೂ ಇಲ್ಲ. ಬೆಳಗ್ಗೆಯಿಂದ ನೀರು ಕುಡಿಯದೆ ಡ್ಯೂಟಿ ಮಾಡೋದು, ಆಮೇಲೆ ಉರಿಮೂತ್ರ ಅಂತ ಆಸ್ಪತ್ರೆಗೆ ಅಲೆಯೋದು. ಮುಟ್ಟಿನ ದಿನಗಳ ಕಷ್ಟ ಬಿಡಿಸಿ ಹೇಳೋದು ಬೇಡ.

ಅದೇ ಸ್ಟಾಪಿನ ಪಕ್ಕದ ಮನೆಯವರು ಒಂದು ಅರ್ಜಿ ಕೊಡ್ತಾರೆ. ನಮ್ಮ ಗೋಡೆ ಗಲೀಜಾಗ್ತಿದೆ, ವಾಸನೆ, ಇಂಜಿನ್ ಸದ್ದು, ಮನೆಗೆ ಬಾಡಿಗೆದಾರರು ಬರ್ತಿಲ್ಲ, ಸೈಟಿನ ರೇಟು ಬಿದ್ದುಹೋಗ್ತಿದೆ, ಸ್ಟಾಪನ್ನ ಬೇರೆ ಕಡೆ ಹಾಕಿ. ಈ ಅರ್ಜಿಗೆ ಸ್ವೀಕೃತಿ ಸಿಗುತ್ತೆ. ನಂಬರ್ ಬೀಳುತ್ತೆ. ಸ್ಥಳ ತನಿಖೆ ಆಗುತ್ತೆ. ಕೆಲವು ದಿನಗಳಲ್ಲಿ "ಇಲ್ಲಿ ಮೂತ್ರ ಮಾಡಬಾರದು" ಅನ್ನೋ ಬೋರ್ಡು ಬರುತ್ತೆ. ಗೋಡೆ ಮೇಲೆ ವೆಂಕಟರಮಣ, ಏಸು, ಮೆಕ್ಕಾ ಮೂರರ ಟೈಲ್ಸೂ ಸಾಲಾಗಿ ಅಂಟಿಕೊಳ್ತವೆ. ಕಕ್ಕಸು ಮಾತ್ರ ಬರಲ್ಲ.

ಗುಮಾಸ್ತೆ ಕೆಲಸ ಮಾಡೋ ನಮ್ಮಂಥವರಿಗೆ ಇದರ ಗುಟ್ಟು ಗೊತ್ತು. ಮನೆಯವನ ಅರ್ಜಿಯಲ್ಲಿ ಖಾತೆ ನಂಬರ್ ಇರುತ್ತೆ, ಕಂದಾಯ ಕಟ್ಟಿದ ರಸೀದಿ ಇರುತ್ತೆ, ವಿಳಾಸ ಇರುತ್ತೆ. ಫೈಲಿಗೆ ಒಬ್ಬ ಮನುಷ್ಯ ಸಿಗ್ತಾನೆ. ಆ ಸ್ಟಾಪಿನಲ್ಲಿ ದಿನಕ್ಕೆ ಆರು ಸಲ ಬಂದು ಹತ್ತತ್ತು ನಿಮಿಷ ನಿಲ್ಲೋ ಕಂಡಕ್ಟರಿಗೆ ಅಲ್ಲಿ ಏನಿದೆ? ಖಾತೆ ಇಲ್ಲ, ಆ ವಾರ್ಡಿನಲ್ಲಿ ವೋಟೂ ಇಲ್ಲ. ಅವನ ಅರ್ಜಿ ಬಂದರೂ "ಇದು ಸಾರಿಗೆ ಸಂಸ್ಥೆಗೆ ಸಂಬಂಧಪಟ್ಟಿದ್ದು" ಅಂತ ಅತ್ತ ಹೋಗುತ್ತೆ. ಅಲ್ಲಿಂದ "ಜಾಗ ಪಾಲಿಕೆಯದ್ದು" ಅಂತ ಹಿಂಬರಹ ಬರುತ್ತೆ. ಎರಡು ಟಪಾಲಿನ ಮಧ್ಯೆ ಮನುಷ್ಯ ಕಳೆದುಹೋಗ್ತಾನೆ.

ಇದು ಒಬ್ಬ ಅಧಿಕಾರಿಯ ಸೋಮಾರಿತನ ಅಂದ್ಕೊಂಡ್ರೆ ತಪ್ಪು. ಸ್ಥಳೀಯ ಆಡಳಿತ ಅನ್ನೋದು ಹುಟ್ಟಿದ್ದೇ ಆಸ್ತಿ ಇದ್ದವರ ಸಭೆಯಾಗಿ. ಆಸ್ತಿಯ ದೂರನ್ನ ಅದು ಹಕ್ಕು ಅಂತ ಕೇಳಿಸಿಕೊಳ್ಳುತ್ತೆ, ದುಡಿಯುವ ದೇಹದ ಅಗತ್ಯವನ್ನ ಸೌಲಭ್ಯ ಅಂತ ಕೇಳಿಸಿಕೊಳ್ಳುತ್ತೆ. ಹಕ್ಕನ್ನ ಕೊಡಲೇಬೇಕು. ಸೌಲಭ್ಯವನ್ನ ಅನುದಾನ ಇದ್ರೆ ಕೊಡಬಹುದು. ಈ ವ್ಯತ್ಯಾಸಕ್ಕೆ ಒಂದು ಚರಿತ್ರೆ ಇದೆ, ಅದನ್ನ ಹೇಳೋಕೇ ಈ ಬರಹ.

*

ಮೊದಲು ಲಂಡನ್. ನಮ್ಮ ಮುನಿಸಿಪಾಲಿಟಿಗಳ ಅಚ್ಚು ಬಂದಿದ್ದು ಆ ದೇಶದಿಂದ.

19ನೇ ಶತಮಾನದ ಲಂಡನ್ನಿನಲ್ಲಿ ಬಾಡಿಗೆ ಕುದುರೆ ಗಾಡಿಯವರು ಸಾವಿರಾರು ಜನ ಇದ್ರು. ಮಳೆ, ಹಿಮ ಏನೇ ಇರಲಿ, ಗಾಡಿಯ ಮೇಲೆ ಬಯಲಲ್ಲೇ ಕೂರಬೇಕು. ಗಾಡಿ ಬಿಟ್ಟು ಹೋಗೋ ಹಾಗಿಲ್ಲ, ಕಳ್ಳತನದ ಭಯ. ಕುಳಿತುಕೊಳ್ಳೋಕೆ, ಬಿಸಿ ಏನಾದ್ರೂ ಕುಡಿಯೋಕೆ ಇದ್ದ ಜಾಗ ಅಂದ್ರೆ ಹೆಂಡದಂಗಡಿ. ಅಲ್ಲಿಗೆ ಹೋದ್ರೆ ಕುಡುಕರು ಅನ್ನೋ ಹೆಸರು. 1875ರಲ್ಲಿ ಪತ್ರಿಕೆಯೊಂದರ ಸಂಪಾದಕರಾಗಿದ್ದ ಜಾರ್ಜ್ ಆರ್ಮ್‌ಸ್ಟ್ರಾಂಗ್, ಶಾಫ್ಟ್ಸ್‌ಬರಿಯ ಅರ್ಲ್ ಮುಂತಾದವರು ಸೇರಿ ಗಾಡಿಯವರಿಗೆ ತಂಗುಮನೆ ಕಟ್ಟಿಸೋಕೆ ಒಂದು ನಿಧಿ ಮಾಡಿದ್ರು. ಹಸಿರು ಬಣ್ಣದ ಮರದ ಚಿಕ್ಕ ಮನೆಗಳು, ಒಳಗೆ ಒಂದು ಒಲೆ, ಬೆಂಚು, ಚಹಾ, ಅಗ್ಗದ ಊಟ. 1914ರ ತನಕ 61 ಕಟ್ಟಿದ್ರು. ಅದರಲ್ಲಿ 13 ಇವತ್ತಿಗೂ ಉಳಿದಿವೆ.

ಕೇಳೋಕೆ ಚೆನ್ನಾಗಿದೆ. ಆದ್ರೆ ಎರಡು ವಿಷಯ ಗಮನಿಸಿ. ಒಂದು, ಇದಕ್ಕೆ ದುಡ್ಡು ಬಂದಿದ್ದು ದಾನದಿಂದ. ಆಡಳಿತ ಇದನ್ನ ತನ್ನ ಜವಾಬ್ದಾರಿ ಅಂತ ಹೊತ್ತುಕೊಳ್ಳಲಿಲ್ಲ. ಎರಡು, ತಂಗುಮನೆ ಒಂದು ಕುದುರೆ ಮತ್ತು ಗಾಡಿಗಿಂತ ದೊಡ್ಡದಿರಬಾರದು ಅನ್ನೋ ಷರತ್ತು. ಅಂದ್ರೆ ರಸ್ತೆಯಲ್ಲಿ ಗಾಡಿಗೆ ಎಷ್ಟು ಜಾಗವೋ ಅಷ್ಟೇ ಹತ್ತು ಹನ್ನೆರಡು ಮನುಷ್ಯರಿಗೆ. ಒಳಗೆ ಕುಡಿತ, ಜೂಜು, ಬೈಗುಳ ನಿಷಿದ್ಧ, ಸರಿ. ರಾಜಕೀಯ ಮಾತಾಡೋದೂ ನಿಷಿದ್ಧ! ದಾನದಲ್ಲಿ ಬಂದ ಬೆಂಚಿನ ಮೇಲೆ ಕೂತು ಹಕ್ಕಿನ ಮಾತಾಡಬಾರದು ಅಂತ.

ಅದೇ ಊರಿನ ಇನ್ನೊಂದು ಕತೆ ಇದಕ್ಕಿಂತ ಖಾರ. ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ 1897ರಿಂದ ಸೇಂಟ್ ಪ್ಯಾಂಕ್ರಾಸ್ ಅನ್ನೋ ಭಾಗದ ಸ್ಥಳೀಯ ಸಭೆಯ ಸದಸ್ಯ. ನಮ್ಮ ಲೆಕ್ಕದಲ್ಲಿ ಒಬ್ಬ ಕಾರ್ಪೊರೇಟರ್. ಕ್ಯಾಮ್ಡೆನ್ ಪ್ರದೇಶದ ಪಾರ್ಕ್ ಸ್ಟ್ರೀಟ್ ಮೂಲೆಯಲ್ಲಿ ಹೆಂಗಸರಿಗೆ ಒಂದು ಸಾರ್ವಜನಿಕ ಶೌಚಾಲಯ ಆಗಬೇಕು ಅನ್ನೋ ವಿಷಯ 1900ರಲ್ಲಿ ಸಭೆ ಮುಂದೆ ಬಂತು. ಗಂಡಸರಿಗೆ ಊರ ತುಂಬ ಇತ್ತು, ಹೆಂಗಸರಿಗೆ ಇರಲಿಲ್ಲ. ಹೂ ಮಾರೋರು, ಅಂಗಡಿ ಕೆಲಸದೋರು, ಕಾರ್ಖಾನೆಗೆ ಹೋಗೋರು ದಿನವಿಡೀ ತಡ್ಕೊಂಡೇ ಇರಬೇಕಿತ್ತು.

ಷಾ ಅದರ ಪರ ವಾದ ಮಾಡಿದ್ರು. ಸುತ್ತಮುತ್ತಲ ನಿವಾಸಿಗಳು, ಅಂಗಡಿಯವರು ವಿರೋಧಕ್ಕೆ ನಿಂತ್ರು. ಇದು ಅಸಭ್ಯ, ಸಂಚಾರಕ್ಕೆ ಅಡ್ಡಿ, ಸುತ್ತಲಿನ ಆಸ್ತಿಗಳ ಬೆಲೆ ಬೀಳುತ್ತೆ. ನಮ್ಮ ಬಡಾವಣೆಯ ಅರ್ಜಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸ ಇಲ್ಲ. ಸಂಚಾರಕ್ಕೆ ಅಡ್ಡಿ ಆಗುತ್ತೋ ಇಲ್ವೋ ನೋಡೋಣ ಅಂತ ಆ ಜಾಗದಲ್ಲಿ ಮರದ್ದೊಂದು ಮಾದರಿ ಕಟ್ಟಿ ನಿಲ್ಲಿಸಿದ್ರು. ಆಗ ಬಸ್ಸಿನವರು, ಗಾಡಿಯವರು ಬೇಕಂತಲೇ ದಾರಿ ಬಳಸಿ ಬಂದು ಅದಕ್ಕೆ ಗುದ್ದಿಸಿದ್ರು. ನೋಡಿ, ಅಡ್ಡಿಯಾಗ್ತಿದೆ ಅಂತ ಸಾಕ್ಷಿ ಸೃಷ್ಟಿಯಾಯ್ತು. ಯೋಜನೆ ಮೂಲೆಗೆ ಬಿತ್ತು, ಹಲವು ವರ್ಷಗಳ ಜಗ್ಗಾಟದ ನಂತರವೇ ಅದಕ್ಕೆ ದಾರಿ ಸಿಕ್ಕಿದ್ದು.

ಇಲ್ಲಿ ನಾವು ನಿಂತು ಯೋಚಿಸಬೇಕು. ಗುದ್ದಿಸಿದವರು ಯಾರು? ತಾವೂ ದಿನವಿಡೀ ರಸ್ತೆ ಮೇಲೆ ಇರೋರು. ದಿನಕ್ಕೆ 12 ಗಂಟೆ ಮಾತ್ರ ಕೆಲಸ ಇರಲಿ ಅಂತ ಲಂಡನ್ನಿನ ಬಸ್ ಕಾರ್ಮಿಕರು 1891ರಲ್ಲಿ ಮುಷ್ಕರ ಹೂಡಿದ್ರು, ಅಂದ್ರೆ ಅದಕ್ಕಿಂತ ಹೆಚ್ಚು ಹೊತ್ತು ದುಡೀತಿದ್ರು ಅಂತ ಅರ್ಥ. ಅಂಥವರೇ ಇನ್ನೊಬ್ಬ ದುಡಿಯುವವಳ ಕಕ್ಕಸಿಗೆ ಗಾಡಿ ಗುದ್ದಿಸಿದ್ರು. ಗೆದ್ದಿದ್ದು ಮಾತ್ರ ಮನೆ ಮಾಲೀಕರು. ನೊಂದವರನ್ನ ನೊಂದವರ ಮೇಲೆ ಬಿಡೋ ಆಟ ನಮಗೆ ಹೊಸದೇನಲ್ಲ ಅಲ್ವಾ?

ಇನ್ನೊಂದು ಮಾತು. 1899ರಲ್ಲಿ ಲಂಡನ್ನಿಗೆ ಹೊಸ ಸ್ಥಳೀಯ ಆಡಳಿತ ಕಾನೂನು ಬಂತು. ಅದು ಹೊಸ ಕೌನ್ಸಿಲ್‌ಗಳಿಂದ ಹೆಂಗಸರನ್ನ ಹೊರಗಿಟ್ಟಿತು, 1907ರ ತನಕ. ಯಾರಿಗೆ ಕಕ್ಕಸು ಬೇಕಿತ್ತೋ ಅವರು ಆ ಸಭೆಯಲ್ಲೇ ಇಲ್ಲ. 1909ರಲ್ಲಿ ಷಾ ಇದನ್ನೇ ಹೆಂಗಸರ ಮತದಾನದ ಹಕ್ಕಿಗೆ ಒಂದು ಕಾರಣವಾಗಿ ಬರೆದ್ರು. ಆಡಳಿತದಲ್ಲಿ ಹೆಣ್ಣಿಲ್ಲದಿದ್ರೆ ಈ ಅಗತ್ಯ ಯಾರ ಬಾಯಲ್ಲೂ ಬರಲ್ಲ ಅನ್ನೋದು ಅವರ ವಾದ.

*

ಈಗ ನಮ್ಮ ನೆಲಕ್ಕೆ, ಮಹಾಡಿಗೆ ಬರೋಣ. ಮಹಾಡ್ ಸತ್ಯಾಗ್ರಹ ನಮಗೆಲ್ಲ ಗೊತ್ತು. ಆದ್ರೆ ಅದನ್ನ ಒಂದು ಮುನಿಸಿಪಾಲಿಟಿಯ ಫೈಲಾಗಿ ಓದಿದೀರಾ?

1923ರ ಆಗಸ್ಟಿನಲ್ಲಿ ಎಸ್.ಕೆ. ಬೋಲೆಯವರು ಬಾಂಬೆ ಶಾಸನ ಪರಿಷತ್ತಿನಲ್ಲಿ ಒಂದು ಠರಾವು ಪಾಸು ಮಾಡಿಸ್ತಾರೆ. ಸರ್ಕಾರಿ ದುಡ್ಡಿನಿಂದ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಅದರಂತೆ 1924ರಲ್ಲಿ ಮಹಾಡ್ ಮುನಿಸಿಪಾಲಿಟಿ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡ್ತು. ಕಾಗದದ ಮೇಲೆ ಕೆರೆ ತೆರೀತು. ನೀರಿಗೆ ಮಾತ್ರ ಯಾರೂ ಇಳಿಯೋ ಹಾಗಿರಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದ್ರು. ಆಮೇಲೆ ಹಲ್ಲೆ, ಕೆರೆಯ "ಶುದ್ಧೀಕರಣ", ಎಲ್ಲ ನಮಗೆ ಗೊತ್ತಿರೋದೇ. ಮುಂದೆ ಆಗಿದ್ದನ್ನ ಗಮನಿಸಿ. ಅದೇ ವರ್ಷ ಆಗಸ್ಟಿನಲ್ಲಿ ಮುನಿಸಿಪಾಲಿಟಿ ತನ್ನ ಠರಾವನ್ನ ತಾನೇ ವಾಪಸ್ ತಗೊಂಡ್ತು. ಡಿಸೆಂಬರಿನಲ್ಲಿ ಸವರ್ಣೀಯರು ಸಿವಿಲ್ ಕೋರ್ಟಿಗೆ ಹೋದ್ರು. ಅಲ್ಲಿ ಅವರ ವಾದ "ಇವರು ಕೀಳು ಜಾತಿ" ಅನ್ನೋದಷ್ಟೇ ಆಗಿರಲಿಲ್ಲ. ಕೆರೆ ಖಾಸಗಿ, ಅದರ ಮೇಲೆ ಹಿಂದಿನಿಂದಲೂ ನಮ್ಮ ಹಕ್ಕಿದೆ, ಅದಕ್ಕೆ ಧಕ್ಕೆ ಆಗ್ತಿದೆ ಅಂತ. ಜಾತಿ ಕೋರ್ಟಿಗೆ ಹೋಗುವಾಗ ಆಸ್ತಿಯ ಬಟ್ಟೆ ಉಟ್ಕೊಂಡು ಹೋಯ್ತು! ಕೋರ್ಟು ತಾತ್ಕಾಲಿಕ ತಡೆಯಾಜ್ಞೆ ಕೊಡ್ತು.

ಆ ಕೇಸು ಮುಗಿಯೋಕೆ 1937ರ ಮಾರ್ಚ್ 17ರ ತನಕ ಕಾಯಬೇಕಾಯ್ತು. ಅನಾದಿ ಕಾಲದ ಪದ್ಧತಿ ಅನ್ನೋದು ಸಾಬೀತಾಗಿಲ್ಲ ಅಂತ ಬಾಂಬೆ ಹೈಕೋರ್ಟ್ ನಮ್ಮ ಪರ ತೀರ್ಪು ಕೊಡ್ತು. ಬೊಗಸೆ ನೀರಿನ ಹಕ್ಕು ಕೋರ್ಟಿನಲ್ಲಿ ಖಾತ್ರಿ ಆಗೋಕೆ ಹತ್ತತ್ತಿರ ಹತ್ತು ವರ್ಷ. ಆಸ್ತಿಯ ತಡೆಯಾಜ್ಞೆಗೆ ಕೆಲವೇ ದಿನ.

ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತದಾನ ಕೊಡಿ ಅಂತ ಯಾಕೆ ಪಟ್ಟು ಹಿಡಿದ್ರು ಅನ್ನೋದು ಇಲ್ಲಿ ಅರ್ಥ ಆಗುತ್ತೆ. ಬ್ರಿಟಿಷರ ಕಾಲದಲ್ಲಿ ವೋಟು ಸಿಗ್ತಿದ್ದಿದ್ದು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟೋರಿಗೆ. ಆಸ್ತಿ ಇಲ್ಲದವನು ಕೆರೆ ಪಕ್ಕದಲ್ಲೇ ಬದುಕಿದ್ರೂ ಕೆರೆಯ ಬಗ್ಗೆ ಮಾತಾಡೋ ಹಾಗಿಲ್ಲ. ಮಹಾಡಿನ ಪಾಠವೇ ಮುಂದೆ ಸಂವಿಧಾನದ 15(2)ನೇ ವಿಧಿಯಲ್ಲಿ ಕಾಣ್ಸುತ್ತೆ: ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸರ್ಕಾರಿ ದುಡ್ಡಿನಲ್ಲಿ ನಡೆಯುವ ಸಾರ್ವಜನಿಕ ಜಾಗ ಯಾರಿಗೂ ನಿರಾಕರಿಸೋ ಹಾಗಿಲ್ಲ.

ರಸ್ತೆ ಅನ್ನೋ ಪದ ಅಲ್ಲಿದೆ, ನೆನಪಿಡಿ.

*

ಸ್ವಾತಂತ್ರ್ಯ ಬಂದ ಮೇಲೆ ಕಾರ್ಮಿಕರಿಗೆ ಕಾನೂನು ಬಂತು. 1948ರ ಕಾರ್ಖಾನೆ ಕಾಯ್ದೆಯ 19ನೇ ಕಲಮು ಸ್ಪಷ್ಟವಾಗಿ ಹೇಳ್ತಿತ್ತು: ಕೆಲಸಗಾರರು ಇರುವ ಅಷ್ಟೂ ಹೊತ್ತು ಕೈಗೆಟುಕುವ ಜಾಗದಲ್ಲಿ ಶೌಚಾಲಯ ಇರಬೇಕು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಆದ್ರೆ ಬಸ್ಸಿನವನ ಕಾರ್ಖಾನೆಗೆ ಚಕ್ರ ಇದೆ. ಅದು ಒಂದು ಕಡೆ ನಿಲ್ಲಲ್ಲ.

ಅವರಿಗಾಗಿ 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕ್ತು, ಒಳ್ಳೇದು. ಕ್ಯಾಂಟೀನು? 100 ಅಥವಾ ಹೆಚ್ಚು ಕಾರ್ಮಿಕರು ದಿನಾ ಡ್ಯೂಟಿ ಮೇಲೆ ಬರುವ ಜಾಗದಲ್ಲಿ. ವಿಶ್ರಾಂತಿ ಕೊಠಡಿ? ರಾತ್ರಿ ತಂಗಬೇಕಾದ ಜಾಗದಲ್ಲಿ. ಅಂದ್ರೆ ಡಿಪೋ ಕಾನೂನಿನ ಕಣ್ಣಿಗೆ ಬಿತ್ತು, ನೈಟ್ ಹಾಲ್ಟ್ ಕಣ್ಣಿಗೆ ಬಿತ್ತು. ಹಗಲು ಹೊತ್ತು ಹತ್ತು ನಿಮಿಷ ನಿಲ್ಲೋ ಬಡಾವಣೆಯ ಕೊನೇ ಸ್ಟಾಪು ಕಣ್ಣಿಗೇ ಬೀಳಲಿಲ್ಲ. 2020ರಲ್ಲಿ ಈ ಕಾಯ್ದೆಯನ್ನ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆಯೊಳಗೆ ಸೇರಿಸಿದ್ರು.

ನಮ್ಮ ಬೆಂಗಳೂರನ್ನೇ ತಗೊಳ್ಳಿ. 1940ರಲ್ಲಿ ಖಾಸಗಿ ಕಂಪನಿಯಾಗಿ ಶುರುವಾದ ಸಿಟಿ ಬಸ್ಸು 1956ರಲ್ಲಿ ಸರ್ಕಾರದ ಕೈಗೆ ಬಂತು, ಬಿಟಿಎಸ್ ಆಯ್ತು. 1997ರಲ್ಲಿ ಬಿಎಂಟಿಸಿ ಆಯ್ತು. ಊರು ಬೆಳೆದಂತೆ ಬಸ್ಸು ದೂರದ ಬಡಾವಣೆಗಳ ಒಳಗೆ ಹೋಯ್ತು. ಸೈಟು ಮಾರುವಾಗ "ಬಸ್ ಸೌಕರ್ಯ ಇದೆ" ಅಂತ ಜಾಹೀರಾತು ಹಾಕ್ತಾರೆ, ಬಸ್ಸು ಬಂದ್ರೆ ಸೈಟಿಗೆ ರೇಟು ಏರುತ್ತೆ. ಅದೇ ಬಸ್ಸಿನ ಡ್ರೈವರ್ ಕೆಳಗಿಳಿದ್ರೆ ರೇಟು ಇಳಿಯುತ್ತಂತೆ! ಬಸ್ಸು ಬೇಕು, ಬಸ್ಸಿನೊಳಗಿನ ಮನುಷ್ಯ ಬೇಡ.

ಪಾಯಖಾನೆ ತೊಳೆಯೋಕೆ ನಾವು ಬೇಕಿತ್ತು, ಬೀದಿಯಲ್ಲಿ ನಡೆಯೋಕೆ ಬೇಡವಾಗಿತ್ತು. ಹಳ್ಳಿಯಲ್ಲಿ ಕೇರಿ ಎಷ್ಟು ದೂರ ಇರಬೇಕು ಅಂತ ಮಡಿ ತೀರ್ಮಾನ ಮಾಡ್ತಿತ್ತು. ಬಡಾವಣೆಯಲ್ಲಿ ಕಕ್ಕಸು ಎಷ್ಟು ದೂರ ಇರಬೇಕು ಅಂತ ಮಾರ್ಕೆಟ್ ರೇಟು ತೀರ್ಮಾನ ಮಾಡುತ್ತೆ. ಮನೆಯವರೆಲ್ಲ ಬೇಕಂತ ಜಾತಿ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಗೋಡೆ ಗಲೀಜಾಗೋದು ನಿಜ, ವಾಸನೆ ನಿಜ, ಆ ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇರ್ತಾರೆ. ದೂರು ಸುಳ್ಳಲ್ಲ. ಆದ್ರೆ ಆ ದೂರಿಗೆ ಮದ್ದು ಯಾವುದು? ಕಕ್ಕಸು ಇದ್ರೆ ಗೋಡೆಯೂ ಉಳಿಯುತ್ತೆ, ಕಂಡಕ್ಟರೂ ಉಳೀತಾರೆ. ಇಬ್ಬರ ಅರ್ಜಿಗೂ ಉತ್ತರ ಒಂದೇ. ಅದನ್ನ ಕಟ್ಟೋಕೆ ಹೊರಟಾಗ ಮತ್ತೆ ಅದೇ ಜನ "ನಮ್ಮ ಮನೆ ಎದುರು ಬೇಡ" ಅಂದಾಗ ಮಾತ್ರ, ಅದು ಗೋಡೆಯ ದೂರಲ್ಲ, ಮಡಿಯ ದೂರು.

*

ಹೊರದೇಶದಲ್ಲಿ ಎಲ್ಲ ಸರಿ ಇದೆ ಅಂತ ಯಾರಾದ್ರೂ ಅಂದ್ರೆ, ಅಮೆರಿಕದ ಸಿಯಾಟಲ್ ನೋಡಿ. ಶ್ರೀಮಂತ ಊರು. ಅಲ್ಲಿನ ಬಸ್ಸು ಓಡಿಸೋದು ಕಿಂಗ್ ಕೌಂಟಿ ಅನ್ನೋ ಸ್ಥಳೀಯ ಆಡಳಿತ. ಚಾಲಕರಿಗೆ ಶೌಚಾಲಯಕ್ಕೆ ಸರಿಯಾದ ಅನುಕೂಲ ಇಲ್ಲ ಅಂತ 2014ರಲ್ಲಿ ವಾಷಿಂಗ್ಟನ್ ರಾಜ್ಯದ ಕಾರ್ಮಿಕ ಇಲಾಖೆ ಅದೇ ಕೌಂಟಿಯ ಬಸ್ ಸಂಸ್ಥೆಗೆ 3,500 ಡಾಲರ್ ದಂಡ ಹಾಕ್ತು. ದಂಡ ಚಿಕ್ಕದು. ಆದ್ರೆ ಒಂದು ಸರ್ಕಾರಿ ಇಲಾಖೆ ಇನ್ನೊಂದು ಸ್ಥಳೀಯ ಆಡಳಿತಕ್ಕೆ "ಇದು ನಿನ್ನ ಕರುಣೆ ಅಲ್ಲ, ನಿನ್ನ ಕರ್ತವ್ಯ" ಅಂತ ಕಾಗದದಲ್ಲಿ ಬರೆದುಕೊಡ್ತು. ಆ ಒಂದು ಕಾಗದ ವಿಷಯವನ್ನ ಸೌಲಭ್ಯದ ಫೈಲಿನಿಂದ ಹಕ್ಕಿನ ಫೈಲಿಗೆ ತಂದು ಹಾಕ್ತು. ನಮಗೆ ಬೇಕಿರೋದು ಅದೇ.

ನಮ್ಮಲ್ಲಿ ಅಂಥ ಕಾಗದ ಇಲ್ಲವೇ ಇಲ್ಲ ಅಂತಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನ್ಯಾಯಾಲಯಗಳ ಆವರಣದಲ್ಲಿ ಶೌಚಾಲಯ ಇರಬೇಕು ಅನ್ನೋ ಕೇಸಿನಲ್ಲಿ, ಶೌಚಾಲಯ ಸಿಗೋದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಕೋರ್ಟಿಗೆ ಬರೋರಿಗೆ ಆ ಹಕ್ಕು ಇದ್ರೆ, ಅವರನ್ನ ಕೋರ್ಟಿಗೆ ಕರ್ಕೊಂಡು ಬರೋ ಬಸ್ಸಿನವರಿಗೆ ಇಲ್ವಾ?

*

ಈಗ ನಮ್ಮೊಳಗಿನ ಒಂದು ಮಾತು. ಕಕ್ಕಸು ಕಟ್ಟಿ ಅಂತ ಕೇಳುವಾಗ, ತೊಳೆಯೋರು ಯಾರು ಅನ್ನೋದನ್ನ ಮರೀಬಾರದು. ಮಲ ತಲೆ ಮೇಲೆ ಹೊರೋ ಪದ್ಧತಿಯನ್ನ ನಮ್ಮ ರಾಜ್ಯದಲ್ಲಿ ನಿಷೇಧ ಮಾಡಿದ್ದು ಪೌರಾಡಳಿತ ಮಂತ್ರಿ ಆಗಿದ್ದ ಬಿ. ಬಸವಲಿಂಗಪ್ಪನವರು, 1970ರ ದಶಕದ ಶುರುವಿನಲ್ಲಿ. ಅಷ್ಟಾದ ಮೇಲೂ 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಎದುರು ಮೈ ಮೇಲೆ ಮಲ ಸುರ್ಕೊಂಡು ಪ್ರತಿಭಟನೆ ಮಾಡಬೇಕಾಯ್ತು. ಕಾರಣ? ತಲೆತಲಾಂತರದಿಂದ ಅವರು ವಾಸ ಇದ್ದ ಜಾಗದಿಂದ ಎಬ್ಬಿಸಿ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟೋಕೆ ಹೊರಟಿದ್ದು. ಊರಿನ ಕಕ್ಕಸು ತೊಳೆದವರಿಗೆ ಊರೊಳಗೆ ಜಾಗ ಇಲ್ಲ. ಆಸ್ತಿಯ ಲೆಕ್ಕ ಮತ್ತೆ ಗೆಲ್ಲೋಕೆ ನೋಡ್ತು.

ಹಾಗಾಗಿ ಡ್ರೈವರ್, ಕಂಡಕ್ಟರ್‌ಗಳ ನೆಮ್ಮದಿ ಇನ್ನೊಬ್ಬ ಪೌರಕಾರ್ಮಿಕಳ ಬೆನ್ನ ಮೇಲೆ ನಿಲ್ಲಬಾರದು. ಕಕ್ಕಸು ಅಂದ್ರೆ ನೀರಿನ ಸಂಪರ್ಕ, ಒಳಚರಂಡಿ ಸಂಪರ್ಕ, ತೊಳೆಯೋರಿಗೆ ಕಾಯಂ ಸಂಬಳ, ಕೈಗವಸು, ಅವರಿಗೂ ಅದೇ ಕಕ್ಕಸು ಬಳಸೋ ಹಕ್ಕು, ಇಷ್ಟೂ ಸೇರಿ. ಇಲ್ಲದಿದ್ರೆ ಕ್ಯಾಮ್ಡೆನ್ನಿನ ಗಾಡಿಯವರಂತೆ ನಾವೂ ಒಬ್ಬರ ಮೇಲೆ ಒಬ್ಬರು ಗುದ್ದಿಸ್ಕೊಂಡು ಕೂರ್ತೀವಿ.

ಏನು ಮಾಡಬಹುದು? ನನಗೆ ತೋಚಿದ್ದು ಹೇಳ್ತೀನಿ, ನೀವೂ ಸೇರಿಸಿ.

ಒಂದು: ನಿಮ್ಮ ಊರಿನಲ್ಲಿ ಬಸ್ಸು ಕೊನೆಯಾಗುವ ಸ್ಟಾಪುಗಳ ಪಟ್ಟಿ, ಅದರಲ್ಲಿ ಎಷ್ಟರಲ್ಲಿ ಗಂಡಸರಿಗೂ ಹೆಂಗಸರಿಗೂ ಶೌಚಾಲಯ ಇದೆ, ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಸಾರಿಗೆ ಸಂಸ್ಥೆಗೆ ಒಂದು, ಪಾಲಿಕೆ ಅಥವಾ ಪುರಸಭೆಗೆ ಒಂದು, ಬೇರೆ ಬೇರೆ ಹಾಕಿ. "ನಮ್ಮದಲ್ಲ" ಅಂತ ಇಬ್ಬರೂ ಬರೆದುಕೊಟ್ರೆ ಆ ಎರಡು ಕಾಗದವೇ ನಿಮ್ಮ ದಾಖಲೆ.

ಎರಡು: ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತಿದೆ. ಅದರಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು. ರಸ್ತೆ ಮೇಲೆ ಆಸ್ತಿ ಇಲ್ಲದವರಿಗೂ ರಸ್ತೆಯ ಬಗ್ಗೆ ಮಾತಾಡೋ ಹಕ್ಕಿದೆ ಅಂತ ಕಾನೂನೇ ಒಪ್ಪಿಕೊಂಡಿದೆ. ಬಸ್ ಸ್ಟಾಪು ತೆಗೀಬೇಕು, ಜರುಗಿಸಬೇಕು ಅನ್ನೋ ಯಾವ ದೂರು ಬಂದ್ರೂ ಆ ರೂಟಿನ ಕಾರ್ಮಿಕರನ್ನ ಕೇಳದೆ ತೀರ್ಮಾನ ಮಾಡಬಾರದು ಅನ್ನೋ ಬೇಡಿಕೆ ಇದರ ಆಧಾರದ ಮೇಲೇ ಇಡಬಹುದು.

ಮೂರು: ವಾರ್ಡ್ ಸಭೆಗಳಿಗೆ ಹೋಗಿ. ಅಲ್ಲಿ ಕೂರೋದು ಖಾತೆ ಇರೋರು ಮಾತ್ರ ಅನ್ನೋ ಹಾಗೆ ಆಗಿದೆ. ಆ ವಾರ್ಡಿನಲ್ಲಿ ಬಾಡಿಗೆಗೆ ಇರೋರು, ಮನೆಕೆಲಸಕ್ಕೆ ಬರೋರು, ಆ ಬಸ್ಸಿನಲ್ಲೇ ಓಡಾಡೋರು ನಮ್ಮವರೇ. ಕರ್ಕೊಂಡು ಹೋಗಿ.

ನಾಲ್ಕು: ಯೂನಿಯನ್‌ಗಳಲ್ಲಿ ಇರೋ ಸಂಗಾತಿಗಳೇ, ಸಂಬಳ, ತುಟ್ಟಿಭತ್ಯೆಯ ಬೇಡಿಕೆ ಪಟ್ಟಿಯಲ್ಲಿ ಇದನ್ನ ಕೊನೇ ಸಾಲಿಗೆ ತಳ್ಳಬೇಡಿ. ಹೆಣ್ಣು ಕಂಡಕ್ಟರ್‌ಗಳನ್ನ ಮುಂದೆ ಕೂರಿಸಿ ಕೇಳಿ.

ಮಹಾಡಿನ ಠರಾವು ಮೂರು ವರ್ಷ ಕಾಗದದಲ್ಲೇ ಇತ್ತು. ಜನ ನಡ್ಕೊಂಡು ಹೋಗಿ ಕೆರೆಗೆ ಇಳಿದ ಮೇಲೇ ಅದಕ್ಕೆ ಜೀವ ಬಂದಿದ್ದು. ನಿಮ್ಮ ಏರಿಯಾದ ಕೊನೇ ಸ್ಟಾಪಿನ ಪರಿಸ್ಥಿತಿ ಏನಿದೆ ಅಂತ ಕೆಳಗೆ ಬರೀರಿ. ಕಂಡಕ್ಟರ್‌ಗಳ ಹೆಸರು, ಬ್ಯಾಡ್ಜ್ ನಂಬರ್ ಹಾಕಬೇಡಿ, ಅವರ ಕೆಲಸಕ್ಕೆ ತೊಂದರೆ ಆಗಬಾರದು. ಸ್ಟಾಪಿನ ಹೆಸರು ಸಾಕು. ಪಟ್ಟಿ ಮಾಡೋ ಕೆಲಸ ನಾನು ಮಾಡ್ತೀನಿ, ಅದು ನನಗೆ ಬರುತ್ತೆ.

ಜೈ ಭೀಮ್.